ಅಜ್ಜಿಯರ ಒಪ್ಪಿಗೆ

ನಾನಾಗ ಗುಳೇದಗುಡ್ಡದ ಕನ್ನಡ ಶಾಲೆಗೆ ಹೊಸ ಮಾಸ್ತರ. ಬಾದಾಮಿಗೆ ನಾಟಕ ಕಂಪನಿಯೊಂದು ಬಂದಿದೆಯೆಂದು ತಿಳಿದು, ನಾಲ್ಕನೆಯ ಇಯತ್ತೆಯ ಹನ್ನೆರಡು ಹುಡುಗರನ್ನು ಕರೆದೊಯ್ಯಬೇಕೆಂಬ ಹುಮ್ಮಸ್ಸು ಬಂತು. ಪ್ರತಿ ಮನೆಯ ಹಿರಿಯರು ಒಪ್ಪಬೇಕೆಂದು ಹೆಡ್‌ಮಾಸ್ತರರು ಷರತ್ತು ಹಾಕಿದರು.

ಮೊದಲು ಒಬ್ಬ ನೇಕಾರರ ಮನೆಗೆ ಹೋದೆ. ಅವರು ಮಗ್ಗ ನಿಲ್ಲಿಸದೆಯೇ, "ನಮ್ಮವ್ವನ್ನ ಕೇಳ್ರಿ" ಎಂದರು. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಮುದುಕಿ ತಲೆ ಎತ್ತಲಿಲ್ಲ.

"ಗಂಡಸರು ಸೀರಿ ಉಟ್ಟು ಕುಣಿಯೋದನ್ನ ಹುಡುಗರಿಗೆ ತೋರಸ್ತೀರೇನ್ರಿ?"

"ಹಂಗಲ್ರಿ ಅಮ್ಮಾರ, ಪುರಾಣದ ನಾಟಕ ಐತ್ರಿ. ಖುದ್ದ ದೇವರ ಬರ್ತಾನ್ರಿ."

ಆಕೆಯ ಕೈ ನಿಂತಿತು. "ದೇವರು ಬರ್ತಾನಂದ್ರ ನಾನೂ ಬರ್ತೇನಿ."

ಒಪ್ಪಿಗೆ ಸಿಕ್ಕ ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಸಂಜೆಯೊಳಗೆ ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಉಳಿದ ಮನೆಗಳಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿಯರು ಒಪ್ಪಿ, ಬುತ್ತಿಗೆ ಎಷ್ಟು ರೊಟ್ಟಿ ಬಡಿಯಬೇಕೆಂದು ಕೇಳಿದರು.

ಹೊರಡುವ ಬೆಳಿಗ್ಗೆ ನಾನು ಗೊತ್ತುಮಾಡಿದ್ದ ಎರಡೂ ಎತ್ತಿನ ಚಕ್ಕಡಿಗಳ ತುಂಬ ಅಜ್ಜಿಯರೇ ಕೂತಿದ್ದರು. ಹುಡುಗರು ನನ್ನ ಮುಖ ನೋಡಿದರು. ಇಳಿಯಿರೆಂದು ಅಜ್ಜಿಯರಿಗೆ ಹೇಳುವ ಧೈರ್ಯ ನನಗಿರಲಿಲ್ಲ. "ನಡದ್ರ ಮೈ ಗಟ್ಟಿ ಆಗ್ತೈತಿ, ಬರ್ರಿ" ಎಂದು ಹುಡುಗರಿಗೆ ಉಪದೇಶ ಮಾಡಿ ಚಕ್ಕಡಿಗಳ ಹಿಂದೆ ನಡೆದೆ.

ಹುಡುಗರು ದಾರಿಯುದ್ದಕ್ಕೂ ಬಾರಿಹಣ್ಣು ಆರಿಸುತ್ತ ಓಡಿದರು. ಅರ್ಧ ದಾರಿಯಲ್ಲೇ ಕುಂಟತೊಡಗಿದವನು ನಾನೊಬ್ಬನೇ, ಹೊಸ ಚಪ್ಪಲಿ ಕಚ್ಚಿತ್ತು. ಆ ಮುದುಕಿ ಚಕ್ಕಡಿ ನಿಲ್ಲಿಸಿ, "ಏರ್ರಿ ಮಾಸ್ತರ, ನಾಚಬ್ಯಾಡ್ರಿ" ಎಂದಳು. ಇಬ್ಬರು ಅಜ್ಜಿಯರ ನಡುವೆ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ನಾನು ಬಾದಾಮಿ ತಲುಪಿದೆ. ಹಿಂದೆ ನನ್ನ ಹನ್ನೆರಡು ಮಂದಿ ಶಿಷ್ಯರು ಬಿದ್ದು ಬಿದ್ದು ನಗುತ್ತಿದ್ದರು.