ಬ್ಯಾಳಿ ಬಾವಿಯ ನೀರು

ನನ್ನನ್ನ ಆ ಊರಿಗೆ ಕೊಟ್ಟದ್ದು ಒಂದು ಗಡಿಗಿ ಬ್ಯಾಳಿ ನೋಡಿ. ಈ ಮಾತು ಹೇಳಿದ್ರ ಮೊಮ್ಮಕ್ಕಳು ನಗ್ತಾರ, ನಗಲಿ. ನಾನು ಗಂಗಾವತಿ ಕಡಿಯಾಕಿ, ಹೊಳಿ ನೀರು ಕುಡಿದು ಬೆಳದಾಕಿ. ಕುಷ್ಟಗಿ, ಯಲಬುರ್ಗಾ ನಡುವಿನ ಎರಿ ಸೀಮಿಗೆ ಹೆಣ್ಣು ಕೊಡಾಕ ನಮ್ಮಪ್ಪಗ ಮನಸಿರಲಿಲ್ಲ. ಅಲ್ಲಿ ನೀರು ಸವಳು, ಬ್ಯಾಳಿ ಬೇಯೂದಿಲ್ಲ, ಮಗಳು ಒಲಿ ಊದಿ ಊದಿ ಸಾಯ್ತಾಳ ಅಂತ ಅಂವನ ಚಿಂತಿ. ಮಾತುಕತಿಗೆ ಹೋದ ದಿನ ಗಂಡಿನ ಕಡಿಯವರು ಅಪ್ಪನ್ನ ಅಡಗಿಮನಿ ಬಾಗಿಲತನಕ ಕರಕೊಂಡು ಹೋಗಿ, ಅಂವನ ಕಣ್ಣ ಮುಂದನ ತೊಗರಿ ಬ್ಯಾಳಿ ಒಲಿ ಮ್ಯಾಲ ಇಟ್ಟರಂತ. ನಾಕು ಮಾತು ಆಡೂದ್ರಾಗ ಬ್ಯಾಳಿ ಕರಗಿ ಹಿಟ್ಟಾತಂತ. ಅಪ್ಪ ಊರಿಗೆ ಬಂದು, "ನೀರು ಅಂದ್ರ ಅದು" ಅಂದ. ಹುಡುಗ ಹೆಂಗದಾನ ಅಂತ ಅವ್ವ ಕೇಳಿದ್ದಕ್ಕ, "ಅಂವಾನೂ ಅದಾನ" ಅಂದನಂತ.

ಆ ಬಾವಿಗೆ ಹೆಸರ ಬ್ಯಾಳಿ ಬಾವಿ. ಊರ ನಡುವ, ಕಲ್ಲು ಕಟ್ಟಿ, ಗಾಲಿ ಕೂಡಿಸಿದ್ದ ಬಾವಿ. ಸುತ್ತಲ ಹಳ್ಳಿಯವರು ಮದವಿ ಅಡಗಿಗೆ ಬಂಡಿ ಹೂಡಿಕೊಂಡು ಬಂದು ಅಲ್ಲಿಂದ ನೀರು ಒಯ್ತಿದ್ರು. ಊರ ಹೊರಗಿನ ಕೇರಿಯವರಿಗೆ ಮಾತ್ರ ಬಾವಿ ಕಟ್ಟಿ ಹತ್ತಗೊಡತಿರಲಿಲ್ಲ. ಅವರು ಹಳ್ಳದಾಗ ಉಸುಕು ತೋಡಿ, ಒರತಿ ನೀರು ಬಸಿಯೋತನಕ ಕುಂತು, ಬಟ್ಟಲದಿಂದ ಮೊಗೆದು ಕೊಡ ತುಂಬಿಸ್ಕೊತಿದ್ರು. ಆ ನೀರಾಗ ಬ್ಯಾಳಿ ಬೇಯೂದಿಲ್ಲ, ಪಾಪ, ಅಂತ ನಮ್ಮ ಮಂದಿ ಅವರಿಗೆ ಮರುಗ್ತಿದ್ರು. ಮರುಗಾಕ ಏನು, ಹಗ್ಗ ಎಳೀಬೇಕೇನು.

ಮದವಿಯಾಗಿ ಹೋದ ವಾರದಾಗ ನನ್ನ ಕಣ್ಣಿಗೆ ಒಂದು ಬಿತ್ತು. ಆ ಊರಾಗ ಹುಟ್ಟಿದವರ ಹಲ್ಲೆಲ್ಲ ಕಾಚು ಬಳದಂಗ ಕಂದು. ಸಣ್ಣವರವು ಗೆರಿ ಗೆರಿ, ದೊಡ್ಡವರವು ಅಂಚು ಮುರಿದು ತೂತು ತೂತು. ನಮ್ಮ ಮನಿಯವರು ನಕ್ಕದ್ದು ಮೊದಲ ಸಲ ನೋಡಿದಾಗ ನಾ ಎಲಿ ಅಡಕಿ ಚಟ ಅಂತ ತಿಳಕೊಂಡು ಒಳಗೊಳಗ ಸಿಟ್ಟಾಗಿದ್ದೆ. ಅತ್ತಿ ಕನಕಗಿರಿಯಾಕಿ, ಆಕಿ ಹಲ್ಲು ಮಾತ್ರ ಬೆಳ್ಳಗ. ಆಕಿ ಹೇಳ್ತಿದ್ದದ್ದು ಏನಂದ್ರ, ಇದು ಈ ಮನೆತನದ ಗುರ್ತು, ಮೊಮ್ಮಗು ಈ ಮನಿದು ಅಂತ ಅದರ ಹಲ್ಲ ಸಾಕ್ಷಿ ಹೇಳತಾವ. ಹೆಮ್ಮಿಲೆ ಹೇಳ್ತಿದ್ಳು ಮತ್ತ.

ಹಲ್ಲಷ್ಟ ಆಗಿದ್ರ ನಾನೂ ಸುಮ್ಮನಿರ್ತಿದ್ದೆ. ಮಾವನವರ ಬೆನ್ನು ಬಾಗಿಲ ಹಲಗಿ ಆಗಿತ್ತು. ಕುತಗಿ ತಿರಗೂದಿಲ್ಲ, ನಡ ಬಗ್ಗೂದಿಲ್ಲ, ನೆಲಕ್ಕ ಬಿದ್ದ ಟಾವೆಲ್ಲು ಎತ್ತಿಕೊಳ್ಳಾಕ ಮತ್ತೊಬ್ಬರು ಬೇಕು. ಕೂಸಿನ ಮಾರಿ ನೋಡಬೇಕಂದ್ರ ಯಾರರ ಅದನ್ನ ಅವರ ಕಣ್ಣೆತ್ತರಕ್ಕ ಹಿಡೀಬೇಕು. ವಾಯುಬ್ಯಾನಿ ಅಂತ ಎಲ್ಲಾರೂ ಹೇಳೋರು. ಆದ್ರ ಓಣಿಗೆ ಇಬ್ಬರು ಮೂವರು ಅಂಥವರಿದ್ರು, ಎಲ್ಲಾರೂ ಅಲ್ಲೇ ಹುಟ್ಟಿ ಬೆಳದವರು.

ಹಿರಿ ಮಗಳ ಹಾಲುಹಲ್ಲು ಉದುರಿ ಹೊಸಾವು ಬಂದಾಗ ಅವೂ ಕಂದು. ಅಷ್ಟೊತ್ತಿಗೆ ಕಿರಿಯಾಕಿ ಹುಟ್ಟಿ ಅಂಬೆಗಾಲು ಇಡ್ತಿದ್ಳು. ಇಕಿಗೂ ಹಂಗ ಬರ್ತಾವೇನು, ಹಲ್ಲಿನ ಹಿಂದ ಮುಂದೊಂದು ದಿನ ಮಾವನ ಬೆನ್ನೂ ಬರತೈತೇನು ಅನ್ನೋ ಅಂಜಿಕಿ ನನ್ನ ಎದಿ ಮ್ಯಾಲ ಕುಂತಿತ್ತು. ಹಾಲು ಕುಡಿಸುವಾಗ ಆಕಿ ಬಾಯಾಗ ಬೆರಳು ಹಾಕಿ ದವಡಿ ಸವರಿ ನೋಡ್ತಿದ್ದೆ, ಏನು ಕಂಡೀತು ಅಂತ ನೋಡ್ತಿದ್ದೆನೋ ದೇವರಿಗೇ ಗೊತ್ತು.

ಜರ್ಮನಿ ಲಡಾಯಿ ನಡದಿತ್ತು, ಚಿಮಣಿ ಎಣ್ಣಿ ಸಿಗದ ಕಾಲ. ಒಂದು ಮುಂಜಾನೆ ಕುಷ್ಟಗಿ ಕಡಿಂದ ಟಾಂಗಾದಾಗ ಒಬ್ಬ ಡಾಕ್ಟರ ಸಾಹೇಬರು ಬಂದ್ರು. ಹೈದರಾಬಾದಿನಿಂದ ಬಂದೀನಿ, ಹಲ್ಲು ನೋಡೂದೈತಿ, ನೀರು ಒಯ್ಯೂದೈತಿ ಅಂದ್ರು. ಊರಾಗ ಉರ್ದು ಓದಿದವರು ನಮ್ಮ ಮನಿಯವರು ಒಬ್ಬರ, ಸಾಲಿ ಮಾಸ್ತರಿಕಿ ಮಾಡ್ತಿದ್ರು. ಹಂಗಾಗಿ ಸಾಹೇಬರು ನಮ್ಮ ಕಟ್ಟಿ ಮ್ಯಾಲ ಕುಂತ್ರು. ಕಟ್ಟಿಗಿ ಪೆಟ್ಟಿಗಿ ತುಂಬ ಬಾಟ್ಲಿ. ಬ್ಯಾಳಿ ಬಾವಿದೊಂದು, ಹಳ್ಳದ್ದೊಂದು, ತ್ವಾಟದ ಬಾವಿದೊಂದು ನೀರು ತುಂಬಿಸಿ ಚೀಟಿ ಅಂಟಿಸಿದ್ರು. ಹುಡುಗರನ್ನ ಸಾಲು ನಿಂದರಿಸಿ ಬಾಯಿ ತೆಗಿಸಿದ್ರು. ಆಮ್ಯಾಲ ನಮ್ಮ ಹೋರಿಯ ಬಾಯಿ ತೆಗೆದು ನೋಡಿದಾಗ ಊರ ಮಂದಿ ಬಿದ್ದು ಬಿದ್ದು ನಕ್ಕರು. ಎತ್ತಿಗೂ ಔಷಧ ಕೊಡ್ತಾನೇನೋ ಅಂದ್ರು.

ಸಾಹೇಬರಿಗೆ ಬಾವಿ ನೀರಿನ ಮ್ಯಾಲ ಸಂಶಯ ಐತಿ ಅಂತ ಗೊತ್ತಾದಾಗ ನಗು ಹಾರಿಹೋತು. ಬ್ಯಾಳಿ ಬಾವಿಗೆ ಕುಂದು ಹಚ್ಚೂದಂದ್ರ ಏನು, ಊರಿಗೇ ಕುಂದು ಹಚ್ಚಿದಂಗ. ಹಿರೇರು ನಾಕು ಮಂದಿ ಸೇರಿ ನಿಶ್ಚೆ ಮಾಡಿದ್ದು ಇಷ್ಟು: ಸಾಹೇಬಗ ಬ್ಯಾಳಿ ಉಣ್ಣಿಸ್ರಿ, ತಿಂದ ಮ್ಯಾಲ ಮಾತಾಡ್ಲಿ. ಅತ್ತಿ ಸೆರಗು ಸಿಗಿಸಿ ಒಲಿ ಮುಂದ ಕುಂತಳು. ಸಾಹೇಬರು ಎರಡು ರೊಟ್ಟಿಗೆ ಹಚ್ಚಿಕೊಂಡು ಉಂಡು, ಇಂಥ ಬ್ಯಾಳಿ ಹೈದರಾಬಾದಿನ್ಯಾಗೂ ಉಂಡಿಲ್ಲ ಅಂದ್ರು. ಊರ ಮಂದಿ ಒಬ್ಬರ ಮಾರಿ ಒಬ್ಬರು ನೋಡಿ ಗೆದ್ದಂಗ ಕುಂತ್ರು. ಸಾಹೇಬರು ಕೈ ತೊಳಕೊಂಡು, "ಆದ್ರೂ ಸಣ್ಣ ಕೂಸಿಗೆ ಈ ನೀರು ಹಾಕಬ್ಯಾಡ್ರಿ ಅಂತ ನನಗ ಅನಸತೈತಿ" ಅಂದ್ರು.

ಉಣ್ಣೂ ಮುಂದ ನನ್ನ ಹಿರಿಯಾಕಿ ಅವರ ಎದುರ ನಿಂತಿದ್ಳು. ಆಕಿ ಬಾಯಿ ನೋಡಿ, ವಸಡು ಯಾಕ ಹಿಂಗ ಹರದೈತಿ ಅಂತ ಕೇಳಿದ್ರು. ಹುಡುಗಿ ಬಾಗಿಲ ಕಡಿ ನೋಡಿತು. ಬಾಗಿಲ ಹಿಂದ ನಾನಿದ್ದೆ. ಹರದಾಕಿ ನಾನ. ನೀ ಸರಿಯಾಗಿ ತಿಕ್ಕೂದಿಲ್ಲ, ಮೈಗಳ್ಳಿ ಅಂತ ದಿನಾ ಬೈದು, ಇದ್ದಲಿ ಪುಡಿ, ಇಟ್ಟಂಗಿ ಪುಡಿ ಹಾಕಿ ರಕ್ತ ಬರೂತನಕ ನಾನ ತಿಕ್ತಿದ್ದೆ. ಅತ್ತಾಗ ಎರಡು ಬಿಡ್ತಿದ್ದೆ. "ಇದು ತಿಕ್ಕಿದ್ರ ಹೋಗೂದಲ್ಲ, ಹಲ್ಲಿನ ಒಳಗ ಕುಂತದ್ದು, ಹುಡುಗಿ ತಪ್ಪಿಲ್ಲ" ಅಂದ್ರು ಸಾಹೇಬರು. ಮನಿಯವರು ಅದನ್ನ ಕನ್ನಡದಾಗ ಹೇಳುವಾಗ ದನಿ ಸಣ್ಣ ಮಾಡಿದ್ರು, ಆದ್ರ ನನಗ ಅಷ್ಟೊತ್ತಿಗೇ ತಿಳದಿತ್ತು.

ಅಷ್ಟರಾಗ ಅತ್ತಿ ತನ್ನ ಮನೆತನದ ಗುರ್ತಿನ ಕತಿ ಸುರು ಮಾಡಿದ್ಳು. ಮನಿಯವರು ಅದನ್ನ ಉರ್ದುದಾಗ ಹೇಳಿದ್ರು, ಸಾಹೇಬರು ಬರಕೊಳ್ಳಾಕ ಹತ್ತಿದ್ರು. ಮಾವನ ಮುಂದ ಸೊಸಿ ದನಿ ಎತ್ತೂದು ಆ ಮನ್ಯಾಗ ಇರಲಿಲ್ಲ. ಆದ್ರ ನಮ್ಮ ಗಂಗಾವತಿ ಓಣ್ಯಾಗ ನೆರಮನಿ ಖಾಲಾನ ಮಡಲಾಗ ಬೆಳದ ನನಗ ಅವರ ಉರ್ದು ಮಾತು ನೀರು ಕುಡದಂಗ ಬರ್ತಿತ್ತು. ಬಾಗಿಲ ಹಿಂದನ ನಿಂತು ಆ ಮಾತಿನ್ಯಾಗ ಹೇಳಿಬಿಟ್ಟೆ: "ಅದನ್ನ ಬರೀಬ್ಯಾಡ್ರಿ ಸಾಹೇಬರ. ಈ ಊರಿಗೆ ಹೊರಗಿಂದ ಬಂದ ಸೊಸೆಯಂದಿರ ಹಲ್ಲು ನೋಡ್ರಿ, ಎಲ್ಲಾರವೂ ಬೆಳ್ಳಗ. ಸಂತಿಯಿಂದ ತಂದ ಎತ್ತಿನ ಹಲ್ಲು ನೋಡ್ರಿ, ಅವೂ ಬೆಳ್ಳಗ. ಇಲ್ಲಿ ಹುಟ್ಟಿದ ಹೋರಿ ಹಲ್ಲು ಕಂದು. ಮನೆತನದ ಗುರ್ತಾದ್ರ ಹೋರಿ ಯಾರ ಮನೆತನದ್ದು?"

ಸಾಹೇಬರು ಪೆನ್ನು ಎತ್ತಿ ಹಿಡಿದು ಬಾಗಿಲ ಕಡಿ ನೋಡಿದ್ರು. ಬರದದ್ದನ್ನ ಹೊಡದು ಹಾಕಿ, ನಾ ಹೇಳಿದ್ದನ್ನ ಬರಕೊಂಡ್ರು. ಹಳ್ಳದ ನೀರು ಕುಡಿಯೋರು ಯಾರು ಅಂತ ಕೇಳಿ ತಾವ ಕೇರಿಗೆ ಹೋದ್ರು. ಹೊತ್ತು ಮುಳಗೂ ಮುಂದ ಬಂದು, ಅಲ್ಲಿ ಹುಡುಗರ ಹಲ್ಲು ಬೆಳ್ಳಗ ಅದಾವ, ಮುದುಕರು ಬಗ್ಗಿ ಕಸ ತಗೀತಾರ ಅಂದ್ರು. ಯಾವ ಬಾವಿ ಮುಟ್ಟಬ್ಯಾಡ ಅಂತ ಅವರನ್ನ ದೂರ ಇಟ್ಟಿದ್ವೋ, ಆ ಬಾವಿ ನಮ್ಮ ಎಲುಬು ತಿಂದಿತ್ತು.

ಸಾಹೇಬರು ಸುಳ್ಳು ಭರವಸಿ ಕೊಡಲಿಲ್ಲ, ಅದಕ್ಕ ಅವರನ್ನ ಈಗಲೂ ನೆನಸ್ತೀನಿ. ನೆಲದಾಗಿನ ಕಲ್ಲಿಂದ ನೀರಿಗೆ ಏನೋ ಇಳೀತೈತಿ, ಅದಕ್ಕ ರುಚಿ ಇಲ್ಲ, ವಾಸನಿ ಇಲ್ಲ, ಇನ್ನೂ ನಾವೂ ನೋಡ್ತಾ ಅದೀವಿ ಅಂದ್ರು. ಅದರ ಹೆಸರು ಫ್ಲೋರೈಡ್ ಅಂತ ನಾ ಕೇಳಿದ್ದು ಮುದುಕಿ ಆದ ಮ್ಯಾಲ. ಕಿರಿಯಾಕಿನ್ನ ತೋರಿಸಿ ಕೇಳಿದ್ದಕ್ಕ, ಈಗಿಂದ ನೀರು ಬದಲು ಮಾಡಿದ್ರ ಉಳದಾವು, ಆದ್ರ ಗೊತ್ತಾಗೂದು ಹೊಸ ಹಲ್ಲು ಬಂದಾಗ ಅಂದ್ರು. ಅಂದ್ರ ಐದು ವರ್ಷ ಕಾಯಬೇಕು. ಆದ್ರೂ ಅವತ್ತು ನನಗ ಅರ್ಧ ಉಸಿರು ಬಂತು. ಮನೆತನ ಅಂದ್ರ ಬಿಡಿಸಾಕ ಬರೂದಿಲ್ಲ, ನೀರು ಅಂದ್ರ ಬದಲು ಮಾಡಬಹುದು.

ಬದಲು ಮಾಡೂದು ಬಾಯಿ ಮಾತೇನು. ಅತ್ತಿ ಎರಡು ದಿನ ನನ್ನ ಕೂಡ ಮಾತು ಬಿಟ್ಟಳು, ಮೂರನೇ ದಿನ ಆಡಿದ್ದೆಲ್ಲ ಬೈಗಳ. ಕೇರಿಯವರು ಮೊಗೆಯೋ ನೀರು ನಮ್ಮ ಮನಿಯೊಳಗ ಬರಬೇಕೇನು, ಆ ನೀರಾಗ ಬ್ಯಾಳಿ ಸತ್ತರೂ ಬೇಯೂದಿಲ್ಲ, ಬಂದವರಿಗೆ ಏನು ನೀಡ್ತಿ ಅಂತ ಕೂಗಾಡಿದ್ಳು. ಮಾವನವರು ಗ್ವಾಡಿಗೆ ಆತು ನಿಂತಿದ್ರು, ಕೂಡೋದು ಅವರಿಗೆ ನಿಲ್ಲೂದಕ್ಕಿಂತ ತ್ರಾಸು. ಕೂಸಿನ್ನ ತಾ ಅಂದ್ರು. ಎತ್ತಿ ಹಿಡಿದೆ. ಭಾಳ ಹೊತ್ತು ಅದರ ಮಾರಿ ನೋಡಿ, "ಬ್ಯಾಳಿ ಬೇಯದಿದ್ರ ಬಿಡ್ರಿ, ಚಟ್ನಿ ಹಚ್ಚಿಕೊಂಡು ಉಣ್ತೀನಿ. ಈ ಕೂಸು ನಾಳೆ ಬಗ್ಗಿ ತನ್ನ ಕೂಸಿನ್ನ ತಾನ ಎತ್ತಿಕೊಳ್ಳಬೇಕು. ಹಳ್ಳದ ನೀರು ತರ್ರಿ" ಅಂದ್ರು. ನಾ ಅವರ ಕಾಲು ಮುಟ್ಟಿದೆ. ಅವರಿಗೆ ಅದೂ ಕಾಣಲಿಲ್ಲ, ಕೆಳಗ ನೋಡಾಕ ಬರ್ತಿರಲಿಲ್ಲ.

ಮರುದಿನ ಹಿರಿಯಾಕಿನ್ನ ಕರಕೊಂಡು ಹಳ್ಳಕ್ಕ ಹೋದೆ. ಕೇರಿಯ ಒಬ್ಬಾಕಿ ಒರತಿ ಮುಂದ ಕುಂತಿದ್ಳು, ನನಗಿಂತ ವಯಸಾದಾಕಿ. ಕೊಡ ಹಿಡಕೊಂಡು ನಿಂತ ನನ್ನ ನೋಡಿ, "ಬಾವಿಗೆ ಬರಬ್ಯಾಡ ಅಂತಿದ್ರಿ, ಈಗ ನೀವ ಹಳ್ಳಕ್ಕ ಬಂದ್ರಿ. ಬರ್ರಿ ಅವ್ವಾರ, ಉಸುಕಿಗೆ ಏನು ಮೈಲಿಗಿ" ಅಂದ್ಳು. ನನ್ನ ಮಾರಿ ನಾಚಿಕಿಲೆ ಸುಟ್ಟಂಗಾತು. "ಹೆಂಗ ತೋಡಬೇಕು ತೋರಸಕ್ಕ" ಅಂದೆ. ಹಳ್ಳದ ದಂಡಿ ಬಾಜು ತೋಡಬ್ಯಾಡ, ನಡುವ ತೋಡು, ಮೊದಲ ನೀರು ಚೆಲ್ಲು, ಎರಡನೇದು ತಿಳಿಯಾಗತೈತಿ ಅಂತ ಕೈ ಹಿಡದು ಕಲಿಸಿದ್ಳು. ಬ್ಯಾಸಗಿಯಾಗ ನಡಮಟ ತೋಡಬೇಕಾಗ್ತಿತ್ತು. ನನ್ನ ಹಿರಿಯಾಕಿ ಸಣ್ಣ ಕೊಡ ಹೊತ್ತು ದಿನಾ ನನ್ನ ಸಂಗಾಟ ಬರ್ತಿದ್ಳು. ತನ್ನ ಹಲ್ಲಿಗೆ ಇನ್ನ ಉಪಯೋಗಿಲ್ಲದ ನೀರು ತಂಗಿಗೆ ಅಂತ ಹೊತ್ತಳು, ಒಂದು ದಿನಾನೂ ಒಲ್ಲೆ ಅನ್ನಲಿಲ್ಲ. ನಾನರ ಆಕಿಗೆ ತಪ್ಪಾತು ಅಂದೆನೇನು, ಅನ್ನಲಿಲ್ಲ. ಅಷ್ಟು ಸೊಕ್ಕು ನನಗ.

ಲಡಾಯಿ ಮುಗಿದು ವರ್ಷದ ಮ್ಯಾಲಾಗಿತ್ತು. ಕಿರಿಯಾಕಿದು ಕೆಳಗಿನ ಎರಡು ಹಲ್ಲು ಉದುರಿದ್ವು. ದಿನಕ್ಕ ಹತ್ತು ಸಲ ಬಾಯಿ ತೆಗಿ ಅಂತ ಬೆನ್ನ ಹತ್ತಿ, ಆಕಿ ನನ್ನ ಕಂಡ್ರ ಓಡಂಗ ಮಾಡಿದ್ದೆ. ಒಂದು ಮುಂಜಾನೆ ನಾ ರೊಟ್ಟಿ ಬಡಿಯೂ ಮುಂದ ಪಡಸಾಲ್ಯಾಗ ಹುಡುಗಿ ಚೀರಿದ್ದು ಕೇಳಿಸ್ತು. ಅತ್ತಿ ಆಕಿ ಗದ್ದ ಹಿಡಕೊಂಡು ಬಾಯಾಗ ಉಗುರು ಹಾಕಿದ್ಳು. "ಸುಮ್ಮನಿರ, ಅಕ್ಕಿಕಾಳು ಸಿಕ್ಕೊಂಡೈತಿ, ತಗೀತೀನಿ" ಅಂತಿದ್ಳು. ಎಬ್ಬಿದ್ಳು, ಬರಲಿಲ್ಲ. ಮತ್ತ ಎಬ್ಬಿದ್ಳು. ಆಮ್ಯಾಲ ಕೈ ತಗದು, ಹುಡುಗಿನ್ನ ಬೆಳಕಿಗೆ ತಿರುವಿ ನೋಡಿ, ನನ್ನ ಮಾರಿ ನೋಡಿದ್ಳು. "ಹಲ್ಲು" ಅಂದ್ಳು.

ಹೋಗಿ ನೋಡಿದೆ. ಬೆಳ್ಳಗಿನ ಹಲ್ಲು, ಗೆರಿ ಇಲ್ಲ, ಚುಕ್ಕಿ ಇಲ್ಲ. ಅಲ್ಲೇ ಕುಂತು ಹಿಟ್ಟಿನ ಕೈಲೆ ಮಾರಿ ಮುಚ್ಚಿಕೊಂಡು ಅತ್ತೆ. ಐದು ವರ್ಷ ತಡದದ್ದೆಲ್ಲ ಆವಾಗ ಹೊರಗ ಬಂತು. ಒಲಿ ಮ್ಯಾಲ ರೊಟ್ಟಿ ಸುಟ್ಟು ಕರಿ ಆತು, ಅತ್ತಿ ಏನೂ ಅನ್ನಲಿಲ್ಲ, ತಾನ ಹೋಗಿ ತಗದು ಹಾಕಿದ್ಳು. ನನಗ ಅಷ್ಟು ಹಗುರ ಆದ ದಿನ ಅದರ ಮುಂಚೆ ಇರಲಿಲ್ಲ.

ಹಿರಿಯಾಕಿ ಬಂದು ತಂಗಿ ಬಾಯಿ ತೆಗಿಸಿ ನೋಡಿದ್ಳು. ಹದಿಮೂರಕ್ಕ ಬಂದಿದ್ಳು, ಏನು ಅಂತಾಳೋ ಅಂತ ಆಕಿ ಮಾರಿನ ನೋಡ್ತಿದ್ದೆ. ತಂಗಿ ಗಲ್ಲ ಹಿಂಡಿ ನಕ್ಕಳು. ಆಮ್ಯಾಲ ನನ್ನ ಕಡಿ ತಿರುಗಿ ಮೆಲ್ಲಕ ಕೇಳಿದ್ಳು, "ಹಂಗಾದ್ರ ನಾ ಹಲ್ಲು ಸರಿಯಾಗೇ ತಿಕ್ತಿದ್ದೆ, ಹೌದಲ್ಲಯವ್ವಾ?"

"ತಿಕ್ತಿದ್ದಿ" ಅಂದೆ. "ದಿನಾ ತಿಕ್ತಿದ್ದಿ. ತಪ್ಪು ನಂದ."

"ಈಗರ ಅಂದಿ ಬಿಡು" ಅಂದು ನನ್ನ ಬಾಜು ಕುಂತು, ತನ್ನ ಸೆರಗಿಲೆ ನನ್ನ ಮಾರಿ ಮ್ಯಾಲಿನ ಹಿಟ್ಟು ಒರಸಿದ್ಳು.