ಹುಣಸೆಹಣ್ಣು ಹಾಕಿ ತಿಕ್ಕಿದ ಮೋಟರ್‌ಸೈಕಲ್

ಗೆಳೆಯರೇ, ಇವತ್ತು ನಮ್ಮ ಕಾಕಾ, ನನ್ನ ಅಣ್ಣನ ಮೋಟರ್‌ಸೈಕಲ್ಲನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಸಿದರು!

ಯುದ್ಧಕ್ಕೆ ಹೊರಟಾಗ ಅಣ್ಣ, “ನಾ ಬರೂತನಕ ತುಕ್ಕ ಹಿಡೀಬಾರದು ನೋಡ,” ಎಂದು ಗಾಡಿಯನ್ನು ನನಗೆ ಒಪ್ಪಿಸಿದ್ದ. ಧಾರವಾಡದ ಚಳಿಗಾಲದ ಇಬ್ಬನಿಯಲ್ಲಿ ಓಡಿಸಿ ಬಂದಾಗಲೆಲ್ಲ ಒರೆಸಿ, ಔಡಲೆಣ್ಣೆ ಬಳಿಯುತ್ತಿದ್ದೆ. ಅದಕ್ಕೆ ದೂಳು ಮೆತ್ತಿಕೊಂಡು ಗಾಡಿ ಎಮ್ಮೆಯಂತೆ ಕಾಣುತ್ತಿತ್ತು, ನಿಜ.

“ಕಾಕಾ, ಉಪ್ಪ ತಾಗಿದ್ರ ಕಬ್ಬಿಣ ಉಳೀತೈತೇನ್ರಿ?” ಎಂದೆ.

“ನನ್ನ ಮಗಳನ್ನ ನೋಡಾಕ ಬೀಗರು ಬರಾಕತ್ತಾರ. ಬಾಗಲದಾಗ ಆ ಜಿಡ್ಡ ಇಟ್ಟು ಮರ್ಯಾದಿ ಕಳೀತಿ ಏನ? ಈಗ ನೋಡ, ಪೂಜಿ ತಂಬಿಗಿ ಹಂಗ ಹೊಳ್ಯಾಕತ್ತೈತಿ!”

ವರನ ಕಡೆಯವರು ಬಂದರು. ಹುಡುಗಿಗಿಂತ ಹೆಚ್ಚು ಹೊತ್ತು ಗಾಡಿಯನ್ನೇ ನೋಡಿದರು. ವರನ ಅಪ್ಪ ಉಪ್ಪಿಟ್ಟು ತಿಂದು, ಕೈ ತೊಳೆದು ಹೇಳಿದರು: “ನಮಗ ಬ್ಯಾರೇನೂ ಬ್ಯಾಡ್ರಿ. ಹುಡುಗಗ ಆ ಮೋಟರ್‌ಸೈಕಲ್ ಕೊಟ್ಬಿಡ್ರಿ, ಸಾಕು.”

“ಅದು ನಿಮ್ದ ಅಂತ ತಿಳೀರಿ,” ಎಂದರು ಕಾಕಾ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇವತ್ತು ನಾನು ಎಣ್ಣೆ ಹಚ್ಚಲಿಲ್ಲ. ಗಾಡಿಯನ್ನು ಅಂಗಳದಲ್ಲೇ ಬಿಟ್ಟಿದ್ದೇನೆ. ಉಪ್ಪು ಕಾಕಾ ಹಾಕಿದ್ದಾರೆ, ಉಳಿದದ್ದನ್ನು ಇಬ್ಬನಿ ನೋಡಿಕೊಳ್ಳಲಿ.