ದಿಬ್ಬದಾಚೆ ಎಪ್ಪತ್ತು ಮೂಟೆ ಹಿಟ್ಟು

ಬೆಲ್ಶಿಯೋರ್ ಮಾಮ ಆತುರಪಟ್ಟಿದ್ದನ್ನು ಕಂಡವರು ನಮ್ಮ ಫೋಜ್ ಊರಿನಲ್ಲಿ ಯಾರೂ ಇಲ್ಲ. ಹುಟ್ಟುವಾಗಲೇ ಸೂಲಗಿತ್ತಿಯನ್ನು ಮೂರು ದಿನ ಕಾಯಿಸಿದನಂತೆ. ಮದುವೆಯಲ್ಲಿ ಪಾದ್ರಿ "ಒಪ್ಪಿಗೆಯೇ?" ಎಂದರೆ "ತಡೀರಿ" ಎಂದನಂತೆ, ಪಾದ್ರಿಗೆ ನಿದ್ದೆ ಬಂತು, ಹುಡುಗಿಯ ಅಪ್ಪನಿಗೆ ಜ್ವರ ಬಂತು. ಒಮ್ಮೆ ಸಾವೇ ಬಂದು ಬಾಗಿಲು ತಟ್ಟಿದಾಗಲೂ ಒಳಗಿಂದ ಅದೇ ಮಾತು ಕೇಳಿಸಿ, ಬೇಸತ್ತು ಪಕ್ಕದ ಮನೆಗೆ ಹೋಯಿತೆಂದು ಪಕ್ಕದ ಮನೆಯವರು ಇಂದಿಗೂ ದೂರುತ್ತಾರೆ.

ಡೌರೊ ನದಿ ಕಡಲು ಸೇರುವಲ್ಲಿ ನೀರಿನಡಿ ಮರಳ ದಿಬ್ಬವಿದೆ. ಅದನ್ನು ದಾಟಿಸಿ ಹಡಗುಗಳನ್ನು ಒಳತರುವುದೇ ಮಾಮನ ಕಸುಬು. ದಿಬ್ಬ ಉಸಿರಾಡುವುದು ಅವನೊಬ್ಬನಿಗೇ ಕೇಳಿಸುತ್ತದೆ, ಅದಕ್ಕೇ ಕಾಯುತ್ತಾನೆ ಎಂಬುದು ಊರಿನ ತೀರ್ಮಾನ.

ಅಣ್ಣ ತಮ್ಮ ಇಬ್ಬರು ಅರಸರು ಒಂದೇ ಸಿಂಹಾಸನಕ್ಕೆ ಕಿತ್ತಾಡಿದ ಆ ಚಳಿಗಾಲದಲ್ಲಿ, ಅಣ್ಣನ ಪಕ್ಷದ ನಾವು ಪೋರ್ತೊ ನಗರದೊಳಗೆ ಸಿಕ್ಕಿಬಿದ್ದಿದ್ದೆವು. ಸುತ್ತ ತಮ್ಮನ ಸೈನ್ಯ, ನದಿಯ ದಕ್ಷಿಣ ದಂಡೆಯಲ್ಲಿ ಅವನ ಫಿರಂಗಿಗಳು. ಎಂಟು ದಿನಗಳಿಂದ ಊರಲ್ಲಿ ರೊಟ್ಟಿಯಿಲ್ಲ. ಹೇಸರಗತ್ತೆಗಳು ಜನರನ್ನು ಕಂಡರೆ ಓಡತೊಡಗಿದ್ದವು. ಹಿಟ್ಟು ಇದ್ದದ್ದು ಕಡಲಿನಲ್ಲಿ ನಿಂತ ನಮ್ಮ ಯುದ್ಧನೌಕೆಯಲ್ಲಿ. ತರಲು ಹೋದ ಎರಡು ದೋಣಿಗಳಲ್ಲಿ ಒಂದು ದಿಬ್ಬಕ್ಕೆ ಬಡಿದು, ಇನ್ನೊಂದು ಗುಂಡು ತಗುಲಿ ಮುಳುಗಿದ್ದವು.

ಮೂರನೆಯದರ ಚುಕ್ಕಾಣಿ ಮಾಮನಿಗೆ ಬಂತು. ನೌಕೆಯಿಂದ ತುಂಬಿಕೊಂಡ ಎಪ್ಪತ್ತು ಮೂಟೆ ಹಿಟ್ಟು, ಹುಟ್ಟು ಹಾಕಲು ಹತ್ತು ಜನ, ಎಲ್ಲರ ಮೇಲೆ ಟೆಲೇಶ್ ಎಂಬ ಎಳೆಮೀಸೆಯ ಅಧಿಕಾರಿ. ದಿಬ್ಬದೆದುರು ಬಂದು ಮಾಮ ದೋಣಿ ನಿಲ್ಲಿಸಿದ.

"ತಡೀರಿ."

ಮೊದಲ ಗುಂಡು ದೂರ ಬಿತ್ತು. ಎರಡನೆಯದು ಎಲ್ಲರ ಮುಖ ತೊಳೆಯಿತು. ಕಡಲ ಭರತದ ನೀರು ಇಳಿಯುತ್ತಿತ್ತು. ಇನ್ನರ್ಧ ಗಂಟೆಗೆ ದಿಬ್ಬ ತಲೆ ಎತ್ತುತ್ತದೆ. ರಾತ್ರಿಯ ಭರತದ ಹೊತ್ತಿಗೆ ಬಿರುಗಾಳಿ ಬಂದಿರುತ್ತದೆ.

"ನಡಿಯಯ್ಯಾ ಮುಂದೆ!" ಟೆಲೇಶ್ ಚೀರಿದ.

"ತಡೀರಿ ಸಾಹೇಬ್ರೆ."

"ಎಲ್ಲೀವರೆಗೆ? ಅವರು ಗುರಿ ಕಲಿಯೋವರೆಗಾ?"

ಮುಂದಿನ ಹುಟ್ಟು ಹಿಡಿದಿದ್ದ ಕುಸ್ತೋದಿಯೊ ಹಲ್ಲು ಕಚ್ಚಿ, "ಮಾಮಾ, ನಿನ್ನ ಮದುವೇಲಿ ಯಾರೂ ಗುಂಡು ಹಾರಿಸ್ತಿರ್ಲಿಲ್ಲ. ಇವತ್ತಾದ್ರೂ ಬೇಗ ಹೂಂ ಅನ್ನು" ಎಂದ. ಮೂರನೆಯ ಗುಂಡು ಅವನ ಹುಟ್ಟಿನ ತುದಿಯನ್ನೇ ಕಿತ್ತೊಯ್ದಿತು.

ನಮ್ಮ ನೌಕೆಯೂ ಗರ್ಜಿಸಿ, ದಕ್ಷಿಣ ದಂಡೆಯ ಒಂದಿಷ್ಟು ಮರಳನ್ನು ವೀರಾವೇಶದಿಂದ ಕೊಂದಿತು. ಅಷ್ಟರಲ್ಲಿ ನಮ್ಮ ದಡದ ದೀಪಸ್ತಂಭದ ಗುಡ್ಡದ ಮೇಲೂ ಬಂದೂಕುಗಳ ಸದ್ದೆದ್ದಿತು. ದೋಣಿ ಸೇರಬೇಕಾದ ದಡವನ್ನೇ ಹಿಡಿಯಲು ವೈರಿಗಳ ಕಾಲಾಳುಗಳು ನುಗ್ಗಿದ್ದರು. ನಮ್ಮವರು ಎಷ್ಟು ಹೊತ್ತು ತಡೆದಾರು?

ಟೆಲೇಶ್ ಪಿಸ್ತೂಲನ್ನು ಮಾಮನ ಕಿವಿಗೆ ಒತ್ತಿದ. "ಮೂರು ಎಣಿಸ್ತೀನಿ."

"ಎಣಿಸಿ. ನನ್ನ ಕೊಂದ್ಮೇಲೆ ದಿಬ್ಬಾನ ಎಡಕ್ಕೆ ಬಳಸ್ಬೇಕೋ ಬಲಕ್ಕೋ ಇವರಿಗೆ ಹೇಳ್ಬಿಡಿ."

ಟೆಲೇಶ್ ಎರಡಕ್ಕೇ ನಿಂತ. ನಾಲ್ಕನೆಯ ಗುಂಡು ಎರಡು ಮೂಟೆ ಸೀಳಿ ಎಲ್ಲರನ್ನೂ ಬೆಳ್ಳಗೆ ಮಾಡಿತು. ಮಾಮ ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು, ಕಣ್ಣು ಕಿರಿದು ಮಾಡಿ ದೂರದ ದಂಡೆಯತ್ತ ನೋಡಿದ. ಕುಸ್ತೋದಿಯೊ ದೇವಮಾತೆಯ ಹೆಸರು ಹೇಳತೊಡಗಿದ.

"ಈಗ! ಎಳೀರೋ!"

ಅಲೆಯೊಂದು ದೋಣಿಯನ್ನು ಎತ್ತಿತು. ಅಡಿಹಲಗೆ ಮರಳಿಗೆ ಕರಕರ ಉಜ್ಜಿತು, ಸಿಕ್ಕಿತು, ಬಿಟ್ಟಿತು. ಐದನೆಯ ಗುಂಡು ಬರಲೇ ಇಲ್ಲ. ಎದೆಮಟ್ಟದ ನೀರಿಗಿಳಿದ ಹೆಂಗಸರು ಮೂಟೆಗಳನ್ನು ತಲೆಗೇರಿಸಿಕೊಂಡರು. ಗುಡ್ಡದ ಮೇಲಿನ ನಮ್ಮವರು ದಡ ಬಿಟ್ಟುಕೊಟ್ಟಿರಲಿಲ್ಲ.

ಸಂಜೆ ಬೇಕರಿಯ ಮುಂದೆ, ಬಿಸಿ ರೊಟ್ಟಿ ಜಗಿಯುತ್ತಿದ್ದ ಮಾಮನನ್ನು ಟೆಲೇಶ್ ತಬ್ಬಿಕೊಂಡ. "ಯಜಮಾನ್ರೇ, ಆ ಕ್ಷಣ ದಿಬ್ಬ ನಿಮಗೇನು ಹೇಳ್ತು?"

"ದಿಬ್ಬ ಏನ್ ಹೇಳುತ್ತೆ? ಆ ಕಡೆ ಫಿರಂಗಿಯೋರು ದಿನಾ ಮಧ್ಯಾಹ್ನ ಸಾರು ಕುಡಿಯೋಕೆ ಎದ್ದು ಹೋಗ್ತಾರೆ. ಇವತ್ತು ಅವರ ಅಡುಗೆ ತಡ ಆಯ್ತು."

"ಅಯ್ಯೋ, ಆಗಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಆ ಸಾರಿನ ಗಡಿಗೆಗೇ ಗುಂಡು ಹೊಡೆಸ್ತಿದ್ರಿ. ನಾಳೆ ನಾನು ಹೆಂಗೆ ದಾಟ್ಲಿ?"